ಕಾಡಿನ ಗೇಟು, ದೇಶದ ಗಡಿ: ಆಫ್ರಿಕಾ ಪ್ರವಾಸದ ಲೆಕ್ಕ

ಆಫ್ರಿಕಾ ಖಂಡದ ವಿಸ್ತೀರ್ಣ ಸುಮಾರು 3.03 ಕೋಟಿ ಚದರ ಕಿಲೋಮೀಟರ್. ಭೂಮಿಯ ಮೇಲಿನ ಒಟ್ಟು ನೆಲದಲ್ಲಿ ಇದು ಐದನೇ ಒಂದು ಪಾಲು. ಭಾರತದ ಒಂಬತ್ತು ಪಟ್ಟು, ಕರ್ನಾಟಕದ 158 ಪಟ್ಟು. ಸಹಾರಾ ಮರುಭೂಮಿಯೇ 92 ಲಕ್ಷ ಚದರ ಕಿಲೋಮೀಟರ್ ಇದ್ದು, ಭಾರತದ 2.8 ಪಟ್ಟಾಗುತ್ತದೆ. ವಿಶ್ವಸಂಸ್ಥೆಯ ಸದಸ್ಯತ್ವ ಇರುವ 54 ದೇಶಗಳಲ್ಲಿ ಸುಮಾರು 150 ಕೋಟಿ ಜನ ಇದ್ದಾರೆ. ಜಗತ್ತಿನ ಜನಸಂಖ್ಯೆಯಲ್ಲಿ ಅವರ ಪಾಲು ಶೇ 18ಕ್ಕೂ ಹೆಚ್ಚು. ಜಗತ್ತಿನ ಪ್ರವಾಸಿಗಳಲ್ಲಿ ಈ ಖಂಡಕ್ಕೆ (ಈಜಿಪ್ಟ್ ಬಿಟ್ಟು) ಸಿಗುವ ಪಾಲು ಮಾತ್ರ ಶೇ 5.3.

2024ರಲ್ಲಿ ಜಗತ್ತಿನಾದ್ಯಂತ ಸುಮಾರು 140 ಕೋಟಿ ಅಂತರರಾಷ್ಟ್ರೀಯ ಆಗಮನಗಳು ದಾಖಲಾದವು. ಸ್ವಂತ ದೇಶದ ಗಡಿ ದಾಟಿ ಇನ್ನೊಂದು ದೇಶದಲ್ಲಿ ಕನಿಷ್ಠ ಒಂದು ರಾತ್ರಿ ತಂಗುವುದನ್ನು ಒಂದು ಆಗಮನವೆಂದು ಎಣಿಸುತ್ತಾರೆ. ಮೋಜಿಗೆ ಬಂದವರು, ವ್ಯಾಪಾರಕ್ಕೆ ಬಂದವರು, ನೆಂಟರ ಮನೆಗೆ ಬಂದವರು ಎಲ್ಲರೂ ಇದರಲ್ಲಿ ಸೇರುತ್ತಾರೆ. ಯುರೋಪಿಗೆ ಬಂದವರು 74.7 ಕೋಟಿ, ಆಫ್ರಿಕಾಕ್ಕೆ 7.4 ಕೋಟಿ. ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆ ಈಜಿಪ್ಟನ್ನು ಮಧ್ಯಪ್ರಾಚ್ಯದ ಪಟ್ಟಿಗೆ ಸೇರಿಸುವುದರಿಂದ ಅಲ್ಲಿನ 1.57 ಕೋಟಿಯನ್ನು ಇದಕ್ಕೆ ಕೂಡಿಸಿಕೊಳ್ಳಬೇಕು. ಆಗ ಮೊತ್ತ 8.97 ಕೋಟಿ. ಅದೇ ವರ್ಷ ಫ್ರಾನ್ಸ್ ಒಂದೇ ದೇಶಕ್ಕೆ ಬಂದವರು ಸುಮಾರು 10 ಕೋಟಿ.

ಬೆಳವಣಿಗೆಯ ವೇಗದಲ್ಲಿ ಆಫ್ರಿಕಾ ಹಿಂದೆ ಬಿದ್ದಿಲ್ಲ. 2023ಕ್ಕೆ ಹೋಲಿಸಿದರೆ 2024ರಲ್ಲಿ ಶೇ 12ರಷ್ಟು ಏರಿಕೆಯಾಗಿದೆ; ಕೋವಿಡ್‌ಗೆ ಮುಂಚಿನ 2019ಕ್ಕೆ ಹೋಲಿಸಿದರೂ ಶೇ 7ರಷ್ಟು ಹೆಚ್ಚು. ಇಡೀ ಜಗತ್ತು ಅದೇ ಹೊತ್ತಿಗೆ 2019ರ ಮಟ್ಟದ ಶೇ 99ಕ್ಕೆ ಮಾತ್ರ ಮರಳಿತ್ತು. ಹೀಗಿದ್ದೂ ಪಾಲು ಶೇ 5ರ ಆಸುಪಾಸಿನಲ್ಲೇ ನಿಂತಿರುವುದಕ್ಕೆ ಕಾರಣವನ್ನು ಪ್ರವಾಸಿ ಕೊಡುವ ಹಣದಲ್ಲಿ ಹುಡುಕಬೇಕು. ಆ ಹಣ ಎರಡು ಕಡೆ ಹೋಗುತ್ತದೆ: ಕಾಡಿನ ಗೇಟಿನಲ್ಲಿ ಕಟ್ಟುವ ಶುಲ್ಕಕ್ಕೆ, ಮತ್ತು ದೇಶದಿಂದ ದೇಶಕ್ಕೆ ಗಡಿ ದಾಟುವ ವೆಚ್ಚಕ್ಕೆ. ಮೊದಲನೆಯದು ದುಬಾರಿಯಾದರೂ ಅದರಿಂದ ಏನು ಉಳಿಯಿತೆಂದು ಎಣಿಸಿ ತೋರಿಸಬಹುದು. ಎರಡನೆಯದು ಪ್ರಾಣಿಗೂ ಇಲ್ಲ, ಊರಿಗೂ ಇಲ್ಲ ಎಂಬುದು ಈ ಲೇಖಕನ ಅಭಿಪ್ರಾಯ.

ಮೊದಲು ಹಂಚಿಕೆ ನೋಡೋಣ. 2024ರಲ್ಲಿ ಮೊರಾಕೊಗೆ 1.74 ಕೋಟಿ, ಈಜಿಪ್ಟಿಗೆ 1.57 ಕೋಟಿ, ಟ್ಯುನೀಷಿಯಾಕ್ಕೆ 1.03 ಕೋಟಿ, ದಕ್ಷಿಣ ಆಫ್ರಿಕಾಕ್ಕೆ 89 ಲಕ್ಷ ಜನ ಬಂದರು. ನಾಲ್ಕು ದೇಶಗಳಿಗೆ ಒಟ್ಟು 5.23 ಕೋಟಿ, ಅಂದರೆ ಶೇ 58. ಉಳಿದ 50 ದೇಶಗಳು 3.74 ಕೋಟಿಯನ್ನು ಹಂಚಿಕೊಂಡವು. ಈ ನಾಲ್ಕರಲ್ಲಿ ಮೂರು ಮೆಡಿಟರೇನಿಯನ್ ಸಮುದ್ರದ ದಂಡೆಯಲ್ಲಿವೆ. ಜಿಬ್ರಾಲ್ಟರ್ ಜಲಸಂಧಿಯ ಅತಿ ಕಿರಿದಾದ ಜಾಗದಲ್ಲಿ ಮೊರಾಕೊಗೂ ಸ್ಪೇನಿಗೂ ನಡುವೆ ಇರುವುದು 14 ಕಿಲೋಮೀಟರ್ ನೀರು.

ಮೊರಾಕೊದ ಏರಿಕೆ ಒಂದು ವರ್ಷದಲ್ಲಿ ಶೇ 20. ಈ 1.74 ಕೋಟಿಯಲ್ಲಿ 86 ಲಕ್ಷ ಮಂದಿ ಹೊರದೇಶಗಳಲ್ಲಿ ನೆಲೆಸಿದ ಮೊರಾಕೊದವರೇ ಎಂಬುದನ್ನು ಮರೆಯಬಾರದು. ದಕ್ಷಿಣ ಆಫ್ರಿಕಾದ ಚಿತ್ರವೂ ಇದಕ್ಕೆ ಹತ್ತಿರದ್ದು: ಅಲ್ಲಿಗೆ ಬಂದ ನಾಲ್ವರಲ್ಲಿ ಮೂವರು ಆಫ್ರಿಕಾದ ಬೇರೆ ದೇಶಗಳವರು. ವಿಶ್ವಸಂಸ್ಥೆಯ ವಾಣಿಜ್ಯ ಮತ್ತು ಅಭಿವೃದ್ಧಿ ಸಮ್ಮೇಳನದ 2017ರ ವರದಿಯ ಪ್ರಕಾರ ಖಂಡದ ಹತ್ತು ಪ್ರವಾಸಿಗಳಲ್ಲಿ ನಾಲ್ವರು ಆಫ್ರಿಕನ್ನರು. ಸಹಾರಾದ ದಕ್ಷಿಣದ ದೇಶಗಳಲ್ಲಿ ಈ ಪ್ರಮಾಣ ಮೂವರಲ್ಲಿ ಇಬ್ಬರಷ್ಟು. ಸಫಾರಿ ಜೀಪಿನಲ್ಲಿ ಕ್ಯಾಮೆರಾ ಹಿಡಿದ ಯುರೋಪಿಯನ್ ಎಂಬ ಚಿತ್ರ ಈ ಅಂಕಿಗಳಿಗೆ ಹೊಂದುವುದಿಲ್ಲ. ಬಸ್ಸಿನಲ್ಲಿ ಗಡಿ ದಾಟಿ ಸಾಮಾನು ಕೊಳ್ಳಲು ಬಂದ ಜಿಂಬಾಬ್ವೆಯ ಹೆಂಗಸೂ ಅದೇ ಲೆಕ್ಕದಲ್ಲಿದ್ದಾಳೆ.

ಈಜಿಪ್ಟಿನ ಅಂಕಿ ಈ ಉದ್ಯಮದ ಅಸ್ಥಿರತೆಯ ಅಳತೆಗೋಲು. 2010ರಲ್ಲಿ 1.47 ಕೋಟಿ ಇದ್ದದ್ದು 2016ಕ್ಕೆ 54 ಲಕ್ಷಕ್ಕೆ ಇಳಿಯಿತು. ಶೇ 63ರ ಕುಸಿತ. ನಡುವೆ 2011ರ ಬಂಡಾಯ ಮತ್ತು 2015ರ ಅಕ್ಟೋಬರಿನಲ್ಲಿ ಸಿನಾಯ್ ಮೇಲೆ 224 ಜನರನ್ನು ಕೊಂದ ರಷ್ಯಾ ವಿಮಾನದ ದುರಂತ ನಡೆದಿದ್ದವು. 2010ರ ಮಟ್ಟವನ್ನು ಮತ್ತೆ ದಾಟಲು 2023ರವರೆಗೆ ಕಾಯಬೇಕಾಯಿತು. 2024ರ ಮಾರ್ಚಿನಲ್ಲಿ ಡಾಲರಿಗೆ ಸುಮಾರು 31 ಇದ್ದ ಈಜಿಪ್ಟ್ ಪೌಂಡು ಸುಮಾರು 50ಕ್ಕೆ ಕುಸಿದಾಗ ಭಾರತೀಯನಿಗೆ ಅಲ್ಲಿನ ಪೌಂಡು ಸುಮಾರು 2.70 ರೂಪಾಯಿಯಿಂದ 1.70 ರೂಪಾಯಿಗೆ ಅಗ್ಗವಾಯಿತು.

ಪಿರಮಿಡ್ಡುಗಳ ಎಣಿಕೆಯಲ್ಲಿ ಸೂಡಾನ್ ಈಜಿಪ್ಟಿಗಿಂತ ಮುಂದಿದೆ. ಮೆರೊಯೆ ಮತ್ತು ಸುತ್ತಲಿನ ನೆಲೆಗಳಲ್ಲಿ 200ಕ್ಕೂ ಹೆಚ್ಚು ಇವೆ, ಗಾತ್ರದಲ್ಲಿ ಚಿಕ್ಕವು. 2023ರ ಏಪ್ರಿಲ್ 15ರಂದು ಆರಂಭವಾದ ಯುದ್ಧದ ನಂತರ ಅಲ್ಲಿಗೆ ಪ್ರವಾಸವೆಂಬುದೇ ಇಲ್ಲ. ಕರ್ನಾಟಕಕ್ಕೆ ಈ ಯುದ್ಧ ತಟ್ಟಿದ್ದು ಹಕ್ಕಿಪಿಕ್ಕಿ ಜನರ ಮೂಲಕ. ಗಿಡಮೂಲಿಕೆ ಎಣ್ಣೆ ಮಾರಲು ಆಫ್ರಿಕಾದ ದೇಶಗಳಿಗೆ ಹೋಗಿಬರುವ ಈ ಸಮುದಾಯದ 30ಕ್ಕೂ ಹೆಚ್ಚು ಮಂದಿ ಎಲ್ ಫಶೆರ್ ನಗರದಲ್ಲಿ ಸಿಕ್ಕಿಬಿದ್ದರು. ‘ಆಪರೇಷನ್ ಕಾವೇರಿ’ ಕಾರ್ಯಾಚರಣೆಯಲ್ಲಿ ಒಟ್ಟು 3,862 ಭಾರತೀಯರನ್ನು ವಾಪಸು ಕರೆತರಲಾಯಿತು. ಕನ್ನಡನಾಡಿನಿಂದ ಆಫ್ರಿಕಾಕ್ಕೆ ವರ್ಷವರ್ಷ ಹೋಗುವವರಲ್ಲಿ ಹುಣಸೂರಿನ ಪಕ್ಷಿರಾಜಪುರದವರೂ ಇದ್ದಾರೆಂಬುದು ಪ್ರವಾಸ ಕಂಪನಿಗಳ ಕರಪತ್ರಗಳಲ್ಲಿ ಬರುವುದಿಲ್ಲ.

ನೋಡಲು ಇರುವುದೆಷ್ಟು ಎಂಬುದಕ್ಕೂ ಒಂದು ಅಂಕಿ ಇದೆ, ಆದರೆ ಅದನ್ನು ನಂಬುವಂತಿಲ್ಲ. 2024ರ ವಿಶ್ವ ಪರಂಪರೆ ಪಟ್ಟಿಯ 1,223 ತಾಣಗಳಲ್ಲಿ ಯುನೆಸ್ಕೊ ‘ಆಫ್ರಿಕಾ’ ಎಂದು ವರ್ಗೀಕರಿಸಿದ ದೇಶಗಳಿಗೆ ಸಿಕ್ಕಿದ್ದು 108, ಅಂದರೆ ಶೇ 8.8. ಈಜಿಪ್ಟ್, ಮೊರಾಕೊದಂಥ ಅರಬ್ ದೇಶಗಳು ಇದರಲ್ಲಿಲ್ಲ. ಇಟಲಿ (60) ಮತ್ತು ಚೀನಾ (59) ಎರಡೇ ಸೇರಿದರೆ 119. ಭಾಷೆಗಳ ಲೆಕ್ಕ ಬೇರೆಯೇ ಹೇಳುತ್ತದೆ: ಜಗತ್ತಿನ ಸುಮಾರು 7,000 ಭಾಷೆಗಳಲ್ಲಿ 2,000ದಷ್ಟು ಆಫ್ರಿಕಾದಲ್ಲಿವೆ, ನೈಜೀರಿಯಾ ಒಂದರಲ್ಲೇ 500ಕ್ಕೂ ಹೆಚ್ಚು. ಪಟ್ಟಿಗೆ ಸೇರಲು ಕಡತ ಬೇಕು, ತಜ್ಞರು ಬೇಕು, ವರ್ಷಗಟ್ಟಲೆ ಹಣ ಬೇಕು. ಇಥಿಯೋಪಿಯಾದ ಲಾಲಿಬೆಲಾದಲ್ಲಿ ಬಂಡೆಯನ್ನೇ ಕೊರೆದು ಮಾಡಿದ 11 ಚರ್ಚುಗಳು 1978ರ ಮೊದಲ ಪಟ್ಟಿಯಲ್ಲೇ ಇದ್ದವು. ಹಂಪಿ ಸೇರಿದ್ದು 1986ರಲ್ಲಿ.

ಇನ್ನು ಗೇಟಿನ ಹಣ. ಇಲ್ಲಿಂದ ಮುಂದೆ ಡಾಲರಿಗೆ 85 ರೂಪಾಯಿ ಹಿಡಿದು ಲೆಕ್ಕ ಹಾಕಿದೆ. ಶುಲ್ಕಗಳು 2024–25ರವು, ವಿದೇಶಿ ವಯಸ್ಕರಿಗೆ ಅನ್ವಯಿಸುವವು.

ಅತಿ ದುಬಾರಿ ಟಿಕೆಟ್ ರುವಾಂಡಾದ್ದು. ವೊಲ್ಕನೋಸ್ ರಾಷ್ಟ್ರೀಯ ಉದ್ಯಾನದಲ್ಲಿ ಪರ್ವತ ಗೊರಿಲ್ಲಾಗಳನ್ನು ನೋಡುವ ಪರವಾನಗಿಯ ದರ 2017ರ ಮೇ ತಿಂಗಳಲ್ಲಿ 750 ಡಾಲರಿನಿಂದ 1,500 ಡಾಲರಿಗೆ, ಒಂದೇ ಸಲಕ್ಕೆ ಎರಡು ಪಟ್ಟಾಯಿತು. ಈಗ ರೂಪಾಯಿಯಲ್ಲಿ 1,27,500. ಒಂದು ಗೊರಿಲ್ಲಾ ಗುಂಪಿಗೆ ದಿನಕ್ಕೆ ಎಂಟೇ ಜನ, ಒಂದೇ ಗಂಟೆ. ನಿಮಿಷಕ್ಕೆ 2,125 ರೂಪಾಯಿ ಬೀಳುತ್ತದೆ. ಗೇಟಿನ ಕಡೆಯಿಂದ ನೋಡಿದರೆ ಒಂದು ಗುಂಪು ಒಂದು ಗಂಟೆಯಲ್ಲಿ 12,000 ಡಾಲರ್, ಅಂದರೆ 10.2 ಲಕ್ಷ ರೂಪಾಯಿ ತರುತ್ತದೆ. ಗಡಿಯಾಚೆಗಿನ ಉಗಾಂಡದಲ್ಲಿ ಇದೇ ಜಾತಿಯ ಗೊರಿಲ್ಲಾ ನೋಡಲು 2024ರ ಜುಲೈನಿಂದ 800 ಡಾಲರ್. ಅದಕ್ಕೂ ಮುಂಚೆ 700 ಇತ್ತು.

ಈ ಹಣ ಏನು ಮಾಡಿತು? ವಿರುಂಗಾ ಪರ್ವತಗಳಲ್ಲಿ 1981ರ ಗಣತಿಯಲ್ಲಿ ಸಿಕ್ಕ ಗೊರಿಲ್ಲಾಗಳು ಸುಮಾರು 250. 2010ರಲ್ಲಿ 480. 2015–16ರಲ್ಲಿ 604. ಕೊನೆಯ ಎರಡು ಗಣತಿಗಳ ನಡುವಿನ ಏರಿಕೆ ಶೇ 26. ಉಗಾಂಡದ ಬ್ವಿಂಡಿ ಕಾಡಿನ ಕಡೆಯ 459 ಸೇರಿ ಒಟ್ಟು 1,063. ಹೆಣ್ಣು ಗೊರಿಲ್ಲಾ ಸುಮಾರು ನಾಲ್ಕು ವರ್ಷಕ್ಕೊಂದು ಮರಿ ಹಾಕುವ ಪ್ರಾಣಿ. ಇಷ್ಟು ನಿಧಾನದ ಸಂತತಿಯಲ್ಲಿ ಈ ಏರಿಕೆ ಬರಬೇಕಾದರೆ ಸಾವುಗಳನ್ನು ತಡೆದಿರಲೇಬೇಕು. ಪ್ರತಿ ಗುಂಪಿನ ಹಿಂದೆ ದಿನವೂ ನಡೆಯುವ ಕಾವಲುಗಾರರು, ಉರುಲು ಕಿತ್ತುಹಾಕುವವರು, ಕಾಡಿಗೇ ಹೋಗಿ ಚಿಕಿತ್ಸೆ ಕೊಡುವ ಪಶುವೈದ್ಯರು ಇದ್ದಾರೆ. 2018ರ ನವೆಂಬರಿನಲ್ಲಿ ಈ ಉಪಜಾತಿಯನ್ನು ‘ತೀವ್ರ ಅಪಾಯ’ದ ವರ್ಗದಿಂದ ‘ಅಪಾಯ’ದ ವರ್ಗಕ್ಕೆ ಇಳಿಸಲಾಯಿತು. ಶುಲ್ಕ ಎರಡು ಪಟ್ಟಾದ 2017ರಲ್ಲೇ ರುವಾಂಡಾ ಉದ್ಯಾನಗಳ ಆದಾಯದಲ್ಲಿ ಸುತ್ತಲಿನ ಊರುಗಳ ಪಾಲನ್ನು ಶೇ 5ರಿಂದ ಶೇ 10ಕ್ಕೆ ಏರಿಸಿತು. ಆಲೂಗಡ್ಡೆ ಹೊಲದ ಬೇಲಿಗೆ ಕಾಡು ಅಂಟಿಕೊಂಡಿರುವ ಜಾಗದಲ್ಲಿ ಈ ಶೇ 10 ಇಲ್ಲದೆ ಉಳಿದ ಶೇ 90 ಬಹಳ ಕಾಲ ಬರಲಾರದು.

ಕೆನ್ಯಾದ ಮಸಾಯಿ ಮಾರಾ ಮೀಸಲು ಪ್ರದೇಶ ಇದೇ ದಾರಿ ಹಿಡಿದಿದೆ, ಆದರೆ ಇನ್ನೂ ವೇಗವಾಗಿ. 2023ರಲ್ಲಿ ಒಳಗೆ ತಂಗುವವರಿಗೆ ದಿನಕ್ಕೆ 70 ಡಾಲರ್, ಹೊರಗೆ ತಂಗುವವರಿಗೆ 80 ಇತ್ತು. 2024ರಿಂದ ಜನವರಿ–ಜೂನ್ ಅವಧಿಗೆ 100, ಜುಲೈ–ಡಿಸೆಂಬರ್ ಅವಧಿಗೆ 200. ಟಿಕೆಟಿನ ಅವಧಿಯನ್ನು 24 ಗಂಟೆಯಿಂದ 12 ಗಂಟೆಗೆ ಇಳಿಸಿದ್ದನ್ನೂ ಸೇರಿಸಿದರೆ ಹೊರಗೆ ತಂಗುವವರಿಗೆ ಜುಲೈ–ಡಿಸೆಂಬರ್ ದರ ಗಂಟೆಯ ಲೆಕ್ಕದಲ್ಲಿ ಐದು ಪಟ್ಟಾಗಿದೆ. ಮಾರಾದ ವಿಸ್ತೀರ್ಣ 1,510 ಚದರ ಕಿಲೋಮೀಟರ್. ಅದಕ್ಕೆ ಹೊಂದಿಕೊಂಡ ಟಾಂಜಾನಿಯಾದ ಸೆರೆಂಗೆಟಿ ಉದ್ಯಾನ 14,763 ಚದರ ಕಿಲೋಮೀಟರ್; ಅಲ್ಲಿನ ದಿನದ ಶುಲ್ಕ 70 ಡಾಲರ್, ಶೇ 18ರ ಮೌಲ್ಯವರ್ಧಿತ ತೆರಿಗೆ ಸೇರಿ 82.60. ಹತ್ತು ಪಟ್ಟು ಜಾಗಕ್ಕೆ ಮಾರಾದ ಜುಲೈ–ಡಿಸೆಂಬರ್ ದರದ ಅರ್ಧಕ್ಕೂ ಕಡಿಮೆ ಹಣ.

ಎರಡೂ ಕಡೆ ನೋಡಲು ಸಿಗುವುದು ಒಂದೇ ಹಿಂಡು. ಹುಲ್ಲು, ಮಳೆ ಹುಡುಕಿಕೊಂಡು ಸುತ್ತುವ ವೈಲ್ಡ್‌ಬೀಸ್ಟ್‌ಗಳ ಸಂಖ್ಯೆ 13 ಲಕ್ಷ ಎಂದು ಬಹುಕಾಲದಿಂದ ಹೇಳಲಾಗುತ್ತಿತ್ತು; ಉಪಗ್ರಹ ಚಿತ್ರಗಳನ್ನು ಆಧರಿಸಿದ 2025ರ ಅಧ್ಯಯನವೊಂದು 6 ಲಕ್ಷಕ್ಕಿಂತ ಕಡಿಮೆ ಎಂದಿದೆ. ಎರಡರಲ್ಲಿ ಯಾವುದು ಸರಿಯಾದರೂ ಈ ಪ್ರಾಣಿಗಳು ವರ್ಷಕ್ಕೆರಡು ಸಲ ಕೆನ್ಯಾ–ಟಾಂಜಾನಿಯಾ ಗಡಿ ದಾಟುತ್ತವೆ. ಅವುಗಳ ಹಿಂದೆ ಪ್ರವಾಸಿ ಹೋಗುವಂತಿಲ್ಲ. ಎರಡು ಉದ್ಯಾನಗಳ ನಡುವಿನ ಬೊಲೊಗೊಂಜಾ ಗೇಟು 1977ರಲ್ಲಿ ಮುಚ್ಚಿತು. ಪ್ರವಾಸಿಗಳಿಗೆ ಇನ್ನೂ ತೆರೆದಿಲ್ಲ. ಮಾರಾದಿಂದ ಸೆರೆಂಗೆಟಿಗೆ ಹೋಗಬೇಕಾದವರು ಪಶ್ಚಿಮಕ್ಕೆ ಇಸೆಬಾನಿಯಾ ಗಡಿಠಾಣೆಯವರೆಗೆ ಬಳಸಿ ಹೋಗುತ್ತಾರೆ, ಅಥವಾ ವಿಮಾನದ ದಾರಿ ಹಿಡಿಯುತ್ತಾರೆ.

ಗೇಟಿನ ಹಣ ಎಲ್ಲ ಕಡೆಯೂ ಊರಿಗೆ ತಲುಪಿದೆ ಎನ್ನಲಾಗದು. ಟಾಂಜಾನಿಯಾದ ಗೊರೊಂಗೊರೊ ಜ್ವಾಲಾಮುಖಿ ಕುಳಿಯ ತಳ ಸುಮಾರು 260 ಚದರ ಕಿಲೋಮೀಟರ್, ಆಳ 600 ಮೀಟರ್. ಪ್ರವೇಶ ತಲೆಗೆ 70.80 ಡಾಲರ್, ಕುಳಿಗಿಳಿಯುವ ಪ್ರತಿ ವಾಹನಕ್ಕೆ ಬೇರೆ 295 ಡಾಲರ್. ದನಗಾಹಿ ಮಸಾಯಿಗಳೂ ಕಾಡುಪ್ರಾಣಿಗಳೂ ಒಟ್ಟಿಗೆ ಇರಲೆಂದೇ 1959ರಲ್ಲಿ ಈ ಸಂರಕ್ಷಣಾ ಪ್ರದೇಶ ಮಾಡಿದಾಗ ಅಲ್ಲಿದ್ದ ಮಸಾಯಿಗಳು ಸುಮಾರು 8,000, ಈಗ ಲಕ್ಷದಷ್ಟು. 2022ರಿಂದ ಸರ್ಕಾರ ಅವರನ್ನು ನೂರಾರು ಕಿಲೋಮೀಟರ್ ದೂರದ ಎಂಸೊಮೆರಾಗೆ ಸ್ಥಳಾಂತರಿಸುತ್ತಿದೆ. ಜನಸಂಖ್ಯೆ 12 ಪಟ್ಟಾದಾಗ ಹುಲ್ಲಿನ ಮೇಲೆ ಒತ್ತಡ ಬೀಳುವುದು ನಿಜ. ಆದರೆ ಮಸಾಯಿ ಸಂಸ್ಕೃತಿಯನ್ನು ಪೋಸ್ಟರಿನಲ್ಲಿ ಅಚ್ಚು ಹಾಕಿ ಮಾರುವ ಉದ್ಯಮ ಮಸಾಯಿಗಳನ್ನು ನೆಲದಿಂದ ಎಬ್ಬಿಸುವುದನ್ನು ವೆಚ್ಚದ ಕಲಂನಲ್ಲಿ ಬರೆಯಲೇಬೇಕು. 70.80ರಲ್ಲಿ ಅದು ಕಾಣುವುದಿಲ್ಲ.

ಕಿಲಿಮಂಜಾರೊ (5,895 ಮೀಟರ್) ಹತ್ತುವ ಶುಲ್ಕವನ್ನು ದಿನಗಳ ಮೇಲೆ ಹಾಕುತ್ತಾರೆ. ಮಚಾಮೆ ದಾರಿಯಲ್ಲಿ ಏಳು ದಿನ, ಆರು ರಾತ್ರಿ: ಸಂರಕ್ಷಣಾ ಶುಲ್ಕ 490, ಡೇರೆಗೆ 300, ತುರ್ತು ರಕ್ಷಣೆಗೆ 20, ಒಟ್ಟು 810 ಡಾಲರ್. ತೆರಿಗೆ ಸೇರಿ 955.80, ಅಂದರೆ ಸುಮಾರು 81,200 ರೂಪಾಯಿ. ಎವರೆಸ್ಟಿಗೆ ನೇಪಾಳ 2025ರ ಸೆಪ್ಟೆಂಬರಿನಿಂದ ವಿಧಿಸುವ 15,000 ಡಾಲರಿನಲ್ಲಿ ಇದು ಶೇ 6.4. ಶಿಖರದ ಹಿಮ 1912ರಿಂದ 2007ರ ನಡುವೆ ಶೇ 85ರಷ್ಟು ಕರಗಿದೆ. ಅದನ್ನು ಯಾವ ಗೇಟಿನ ಶುಲ್ಕವೂ ತಡೆಯದು.

ಆನೆಗಳ ವಿಷಯದಲ್ಲಿ ಕರ್ನಾಟಕಕ್ಕೆ ನೇರ ಹೋಲಿಕೆ ಸಾಧ್ಯ. 2022ರಲ್ಲಿ ಅಂಗೋಲಾ, ಬೋಟ್ಸ್ವಾನಾ, ನಮೀಬಿಯಾ, ಜಾಂಬಿಯಾ, ಜಿಂಬಾಬ್ವೆ ಐದೂ ದೇಶಗಳು ತಮ್ಮ ಜಂಟಿ ಸಂರಕ್ಷಣಾ ಪ್ರದೇಶದಲ್ಲಿ ನಡೆಸಿದ ವೈಮಾನಿಕ ಗಣತಿಯಲ್ಲಿ ಸಿಕ್ಕ ಆನೆಗಳು 2,27,900. ಬೋಟ್ಸ್ವಾನಾದ ಪಾಲು 1,31,909, ಅಂದರೆ ಶೇ 58. ಭಾರತದಲ್ಲೇ ಹೆಚ್ಚು ಆನೆಗಳಿರುವ ಕರ್ನಾಟಕದಲ್ಲಿ 2023ರ ಗಣತಿಯಂತೆ 6,395. ಬೋಟ್ಸ್ವಾನಾದಲ್ಲಿ 4.4 ಚದರ ಕಿಲೋಮೀಟರಿಗೆ ಒಂದು ಆನೆ, ಇಲ್ಲಿ 30ಕ್ಕೆ ಒಂದು. ಜನರ ಲೆಕ್ಕ ಹಾಕಿದರೆ ಅಲ್ಲಿ ಸುಮಾರು 18 ಜನಕ್ಕೊಂದು. ಇಲ್ಲಿ 2011ರ ಜನಗಣತಿಯ 6.11 ಕೋಟಿಯನ್ನೇ ಹಿಡಿದರೂ 9,500 ಜನಕ್ಕೊಂದು. ಕೊಡಗಿನ ಕಾಫಿ ತೋಟದಲ್ಲಿ, ಹಾಸನದ ಗದ್ದೆಯಲ್ಲಿ ಆನೆ ಕಾಟ ಅನುಭವಿಸಿದವರಿಗೆ ಬೋಟ್ಸ್ವಾನಾದ ಉತ್ತರ ಭಾಗದ ರೈತನ ಸ್ಥಿತಿ ವಿವರಿಸಿ ಹೇಳಬೇಕಾಗಿಲ್ಲ. ಕಡಿಮೆ ಜನ, ಹೆಚ್ಚು ದರ ಎಂಬ ಪ್ರವಾಸ ನೀತಿಯನ್ನು ಆ ದೇಶ 1990ರಲ್ಲಿ ಅಳವಡಿಸಿಕೊಂಡಿತು.

ಎರಡನೆಯ ಲೆಕ್ಕ ಗಡಿಯದು. ಜಗತ್ತಿನ ವಿಮಾನ ಪ್ರಯಾಣದಲ್ಲಿ ಆಫ್ರಿಕಾದ ಪಾಲು ಶೇ 2ರಷ್ಟೇ. ಜನಸಂಖ್ಯೆಯ ಪಾಲಿನ ಒಂಬತ್ತನೇ ಒಂದು. ಅಂತರರಾಷ್ಟ್ರೀಯ ವಾಯು ಸಾರಿಗೆ ಸಂಘದ ಪ್ರಕಾರ ಅಲ್ಲಿ ವಿಮಾನ ಇಂಧನದ ಬೆಲೆ ಜಾಗತಿಕ ಸರಾಸರಿಗಿಂತ ಶೇ 17 ಹೆಚ್ಚು. ಪರಸ್ಪರರ ವಿಮಾನಗಳಿಗೆ ಆಕಾಶ ತೆರೆಯುವ ನಿರ್ಧಾರಕ್ಕೆ ಆಫ್ರಿಕಾದ ದೇಶಗಳು ಯಾಮುಸುಕ್ರೊ ನಗರದಲ್ಲಿ ಒಪ್ಪಿದ್ದು 1999ರಲ್ಲಿ. ಅದನ್ನು ಜಾರಿಗೆ ತರುವ ಏಕ ವಾಯು ಮಾರುಕಟ್ಟೆ 23 ದೇಶಗಳೊಂದಿಗೆ ಆರಂಭವಾಗಿದ್ದು 2018ರ ಜನವರಿಯಲ್ಲಿ. ಹತ್ತೊಂಬತ್ತು ವರ್ಷ ಹಿಡಿಯಿತು. ಅದೇ ಸಂಘ ಮಾಡಿಸಿದ ಅಧ್ಯಯನದ ಪ್ರಕಾರ 12 ದೇಶಗಳು ಮಾತ್ರ ಆಕಾಶ ತೆರೆದರೂ 1.55 ಲಕ್ಷ ಉದ್ಯೋಗ ಮತ್ತು ವರ್ಷಕ್ಕೆ 130 ಕೋಟಿ ಡಾಲರ್ ಆದಾಯ ಹುಟ್ಟುತ್ತದೆ. ಖಂಡದ ಪ್ರತಿ 14 ಉದ್ಯೋಗಗಳಲ್ಲಿ ಒಂದು ಪ್ರವಾಸೋದ್ಯಮದ ಮೇಲೆ ನಿಂತಿರುವಾಗ ಈ ವಿಳಂಬಕ್ಕೆ ಸಮರ್ಥನೆ ಕಷ್ಟ.

ವೀಸಾದ ಸ್ಥಿತಿ ಸ್ವಲ್ಪ ಸುಧಾರಿಸಿದೆ. ಆಫ್ರಿಕನ್ ಒಬ್ಬ ಆಫ್ರಿಕಾದೊಳಗೇ ಮಾಡಬಹುದಾದ ದೇಶ–ದೇಶದ ಪ್ರಯಾಣಗಳಲ್ಲಿ ಮುಂಚಿತವಾಗಿ ವೀಸಾ ಪಡೆಯಬೇಕಾದವು 2016ರಲ್ಲಿ ಶೇ 55 ಇದ್ದವು, 2024ರಲ್ಲಿ ಶೇ 47. ವೀಸಾ ಬೇಡದವು ಶೇ 20ರಿಂದ ಶೇ 28ಕ್ಕೆ ಏರಿದವು. ಎಂಟು ವರ್ಷದಲ್ಲಿ ಎಂಟು ಅಂಶ. ಕೆನ್ಯಾ 2024ರ ಜನವರಿಯಲ್ಲಿ ವೀಸಾವನ್ನೇ ರದ್ದು ಮಾಡಿ 30 ಡಾಲರಿನ ಎಲೆಕ್ಟ್ರಾನಿಕ್ ಅನುಮತಿ ತಂದಿತು. ಆ ವರ್ಷ ಆಗಮನ ಸುಮಾರು ಶೇ 15 ಏರಿ 23.9 ಲಕ್ಷ ತಲುಪಿತು. ಅದಕ್ಕೂ ಮುಂಚೆ ವೀಸಾ ಇಲ್ಲದೆ ಬರುತ್ತಿದ್ದ ಕೆಲವು ದೇಶಗಳ ಆಫ್ರಿಕನ್ನರು ಆಗ ಅರ್ಜಿ ಹಾಕಿ ಹಣ ಕಟ್ಟಬೇಕಾಯಿತು; 2025ರಲ್ಲಿ ಹೆಚ್ಚಿನ ಆಫ್ರಿಕನ್ ದೇಶಗಳಿಗೆ ವಿನಾಯಿತಿ ಸಿಕ್ಕಿತು.

ಭಾರತೀಯರಿಗೆ ಗಡಿ ಏನು ಮಾಡುತ್ತದೆಂಬುದನ್ನು ದಕ್ಷಿಣ ಆಫ್ರಿಕಾದ ಅಂಕಿಗಳಲ್ಲಿ ಓದಬಹುದು. 2019ರಲ್ಲಿ ಅಲ್ಲಿಗೆ ಹೋದ ಭಾರತೀಯರು ಸುಮಾರು 95 ಸಾವಿರ. 2024ರಲ್ಲಿ ಸುಮಾರು 75 ಸಾವಿರ, ಅಂದರೆ ಶೇ 21ರ ಇಳಿಕೆ. ಎಲ್ಲ ದೇಶಗಳವರನ್ನು ಸೇರಿಸಿದರೆ ಅದೇ ಅವಧಿಯ ಇಳಿಕೆ ಶೇ 13. ಭಾರತ ಮತ್ತು ಚೀನಾದ ಗುಂಪು ಪ್ರವಾಸಿಗಳಿಗೆ ನೋಂದಾಯಿತ ಏಜೆಂಟರ ಮೂಲಕ ಬೇಗ ವೀಸಾ ಕೊಡುವ ಯೋಜನೆಯನ್ನು ಆ ದೇಶ 2025ರ ಆರಂಭದಲ್ಲಿ ಜಾರಿಗೆ ತಂದಿದೆ.

ಬೆಂಗಳೂರಿನಿಂದ ಹೊರಡುವವರಿಗೆ ಇಥಿಯೋಪಿಯನ್ ಏರ್‌ಲೈನ್ಸ್ 2019ರ ಅಕ್ಟೋಬರಿನಲ್ಲಿ ಆಡಿಸ್ ಅಬಾಬಾಗೆ ಸಂಪರ್ಕ ಆರಂಭಿಸಿತು. ಕೆನ್ಯಾ, ಟಾಂಜಾನಿಯಾ ಎರಡನ್ನೂ ಸೇರಿಸಿದ ಪ್ರವಾಸದಲ್ಲಿ ಸರ್ಕಾರಿ ಶುಲ್ಕವಷ್ಟೇ ಎಷ್ಟಾಗುತ್ತದೆ ನೋಡಿ. ಆಗಸ್ಟಿನಲ್ಲಿ ಮಾರಾದಲ್ಲಿ ಮೂರು ದಿನಕ್ಕೆ 600 ಡಾಲರ್. ಸೆರೆಂಗೆಟಿಯಲ್ಲಿ ಮೂರು ದಿನಕ್ಕೆ 247.80, ಎರಡು ರಾತ್ರಿಯ ಡೇರೆಗೆ 70.80. ಗೊರೊಂಗೊರೊದಲ್ಲಿ ಒಂದು ದಿನಕ್ಕೆ 70.80, ವಾಹನ ಶುಲ್ಕವನ್ನು ಆರು ಜನ ಹಂಚಿಕೊಂಡರೆ ತಲೆಗೆ 49. ಕೆನ್ಯಾದ ಅನುಮತಿಗೆ 30, ಟಾಂಜಾನಿಯಾದ ವೀಸಾಕ್ಕೆ 50. ಒಟ್ಟು ಸುಮಾರು 1,119 ಡಾಲರ್, ಅಂದರೆ 95 ಸಾವಿರ ರೂಪಾಯಿ. ವಿಮಾನ, ವಾಹನ, ಊಟ, ವಸತಿ ಇದರ ಮೇಲೆ. ಹೊರಡುವ ಕನಿಷ್ಠ ಹತ್ತು ದಿನ ಮುಂಚೆ ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡ ಪ್ರಮಾಣಪತ್ರ ಇಲ್ಲದಿದ್ದರೆ ವಾಪಸು ಬಂದಾಗ ಆರು ದಿನದವರೆಗೆ ಪ್ರತ್ಯೇಕವಾಗಿಡುವ ನಿಯಮ ಭಾರತದಲ್ಲಿದೆ.

ಇದೇ ಪ್ರವಾಸವನ್ನು ಜೂನ್‌ಗೆ ತಂದರೆ ಮಾರಾದ 600 ಡಾಲರ್ 300 ಆಗಿ, ಮೊತ್ತ 69,600 ರೂಪಾಯಿಗೆ ಇಳಿಯುತ್ತದೆ. ಜೂನ್‌ನಲ್ಲಿ ಹಿಂಡು ಇರುವುದು ಪಶ್ಚಿಮ ಸೆರೆಂಗೆಟಿಯಲ್ಲಿ, 82.60ರ ಟಿಕೆಟಿಗೆ. ಫೆಬ್ರುವರಿಯಲ್ಲಿ ಅದು ಗೊರೊಂಗೊರೊ ಸಂರಕ್ಷಣಾ ಪ್ರದೇಶದ ಎಂಡುಟು ಬಯಲಿನಲ್ಲಿ ಕರು ಹಾಕುತ್ತಿರುತ್ತದೆ. ಅಲ್ಲಿ ದಿನಕ್ಕೆ 70.80 ಡಾಲರ್, ಮಾರಾದ ಆಗಸ್ಟ್ ದರಕ್ಕಿಂತ ಶೇ 65 ಕಡಿಮೆ.